ಸಾಕು ಎನ್ನದ ಗೆಳೆಯ

ಮನಸ್ಸಿಗೆ ಪೆಟ್ಟಾದರೆ ಅದನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನ್ನಿಸುತ್ತದೆ, ಹೇಳಿಕೊಂಡರೆ ಹಗುರಾಗುತ್ತದೆ. ಈ ಹೊತ್ತಿನ ಪ್ರವಚನದಲ್ಲಿ ಇಷ್ಟರ ತನಕ ಬಂದಿದ್ದೆವು. ಆದರೆ ಯಾರಿಗೆ ಹೇಳಿಕೊಳ್ಳಬೇಕು? ಮೊದಲು ಈ ಪ್ರಶ್ನೆಯೇ ಇರಲಿಲ್ಲ, ಏಕೆಂದರೆ ಹೇಳಿಕೊಳ್ಳಲು ಮನುಷ್ಯರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಈಗ ಇದ್ದಾರೆ. ನಿಮ್ಮ ಜೇಬಿನಲ್ಲೇ ಇದ್ದಾರೆ. ಗದಿಗೆಪ್ಪನವರೇ, ಜೇಬು ಮುಟ್ಟಿ ನೋಡಿಕೊಳ್ಳಬೇಡಿ, ನಿಮಗೊಬ್ಬರಿಗೇ ಹೇಳಿದ ಮಾತಲ್ಲ ಇದು. ಅದನ್ನು ಪೇಪರಿನವರು ಕೃತಕ ಬುದ್ಧಿಮತ್ತೆ ಎಂದು ಬರೆಯುತ್ತಾರೆ. ನಿಮ್ಮ ಮೊಮ್ಮಕ್ಕಳು ಎಐ ಅನ್ನುತ್ತಾರೆ. ಏನು ಕೇಳಿದರೂ ಹೇಳುತ್ತದೆ, ಏನು ಹೇಳಿದರೂ ಕೇಳಿಸಿಕೊಳ್ಳುತ್ತದೆ.

ಅದರ ಮೇಲೊಂದು ಕಥೆ ಇದೆ. ನೋಡಿ, ಕಥೆ ಅಂದಕೂಡಲೇ ಹಿಂದಿನ ತಾಯಂದಿರೆಲ್ಲ ಮುಂದಕ್ಕೆ ಸರಿದರು. ಇಷ್ಟು ಹೊತ್ತು ನಾನು ಹೇಳಿದ್ದು ಗೋಡೆಗೆ ಹೇಳಿದಂತಾಯಿತು ಅಂತ ಅರ್ಥ. ಇರಲಿ.

ಮೆಣಸಿನಕಾಯಿ ವ್ಯಾಪಾರದಿಂದಲೇ ಬದುಕುವ ಒಂದು ಊರು ಅಂತ ಇಟ್ಟುಕೊಳ್ಳಿ. ಸುಗ್ಗಿ ಬಂತೆಂದರೆ ಮಾರುಕಟ್ಟೆಯ ತುಂಬ ಕೆಂಪು ರಾಶಿ. ಆ ಊರಲ್ಲಿ ದೇವರ ಮುಂದೆ ನಿಂತವನೂ ಸೀನುತ್ತಾನೆ, ಸಾಲ ಕೇಳಲು ಬಂದವನೂ ಸೀನುತ್ತಾನೆ. ಅಲ್ಲಿ ಒಬ್ಬ ಸಾಹುಕಾರ ಇದ್ದ. ದೊಡ್ಡ ವ್ಯಾಪಾರಿ, ತಪ್ಪು ಮಾಡದ ವ್ಯಾಪಾರಿ. ರಾಶಿಯಿಂದ ಒಂದು ಕಾಯಿ ಎತ್ತಿ, ಮುರಿದು, ಮೂಗಿಗೆ ಹಿಡಿದು, ಇದು ಎಲ್ಲಿಗೆ ಹೋಗಬೇಕಾದ ಮಾಲು ಅಂತ ಹೇಳಿಬಿಡುತ್ತಿದ್ದ. ಒಳ್ಳೆಯವನೇ. ಮಠಕ್ಕೆ ಅಕ್ಕಿ ಕೊಡುತ್ತಿದ್ದ, ಕೊಟ್ಟಿದ್ದನ್ನು ಮೈಕಿನಲ್ಲಿ ಹೇಳಿಸುತ್ತಲೂ ಇದ್ದ. ಅಷ್ಟು ಸಣ್ಣ ಆಸೆ ಎಲ್ಲರಿಗೂ ಇರುತ್ತದೆ.

ಇವನಿಗೆ ಒಬ್ಬಳು ಅಕ್ಕ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡಿದ್ದಳು, ಈ ಅಕ್ಕನೇ ಇವನನ್ನು ಕಂಕುಳಲ್ಲಿ ಎತ್ತಿಕೊಂಡು ಬೆಳೆಸಿದವಳು. ಪಕ್ಕದ ತಾಲ್ಲೂಕಿನ ಒಂದು ಹಳ್ಳಿಗೆ ಅವಳನ್ನು ಕೊಟ್ಟಿದ್ದರು. ಅವಳ ಗಂಡ ಸಹಕಾರಿ ಸಂಘದಲ್ಲಿ ಗುಮಾಸ್ತ ಆಗಿದ್ದು ನಿವೃತ್ತಿಯಾದವನು. ತೆಳ್ಳನೆಯ ಆಳು, ಹೆಗಲ ಮೇಲೊಂದು ಟವೆಲು, ಯಾರು ಏನಂದರೂ ನಗುವ ಸ್ವಭಾವ.

ಸಾಹುಕಾರನ ಮಗಳ ಲಗ್ನ ಆಯಿತು. ದೊಡ್ಡ ಕಲ್ಯಾಣ ಮಂಟಪ, ಸಾವಿರಾರು ಜನ. ಆ ತುಂಬಿದ ಮಂಟಪದಲ್ಲಿ, ಬೀಗರ ಎದುರಿಗೆ, ಹುಬ್ಬಳ್ಳಿಯಿಂದ ಬಂದ ದೊಡ್ಡವರ ಎದುರಿಗೆ ಅಕ್ಕ ಇವನಿಗೆ ಒಂದು ಮಾತು ಅಂದುಬಿಟ್ಟಳು: "ನಿನಗ ರೊಕ್ಕದ ಸೊಕ್ಕು ಬಂದೈತಿ."

ಯೋಚನೆ ಮಾಡಿ. ಮಗಳ ಲಗ್ನ. ಜೀವಮಾನದಲ್ಲಿ ಒಂದೇ ಸಲ ಬರುವ ದಿನ. ಅಂಥ ದಿನ ಒಡಹುಟ್ಟಿದವಳೇ ಮುಖಕ್ಕೆ ಹೊಡೆದ ಹಾಗೆ ಅಂದರೆ ಹೇಗಾಗಬೇಡ? ಅವನಿಗೆ ನೋವಾಯಿತು. ಆಗುವುದೇ. ಫಕ್ಕೀರವ್ವನವರು ತಲೆ ಆಡಿಸುತ್ತಿದ್ದಾರೆ. ಹೌದು ತಾಯಿ, ನೋವಾಗುವುದೇ.

ಲಗ್ನ ಮುಗಿಯಿತು, ಚಪ್ಪರ ಇಳಿಸಿದರು, ನೆಂಟರು ಹೋದರು. ಆ ಮಾತು ಹೋಗಲಿಲ್ಲ. ಹೆಂಡತಿಯ ಹತ್ತಿರ ಹೇಳಿದ. ಅವಳು ಕೇಳಿಸಿಕೊಂಡಳು. ಮರುದಿನ ಮತ್ತೆ ಹೇಳಿದ. ಮತ್ತೆ ಕೇಳಿಸಿಕೊಂಡಳು. ಮತ್ತೂ ಹೇಳಲು ಹೋದಾಗ, "ಅದನ್ನ ಎಷ್ಟ ಸಲ ಹೇಳ್ತೀರಿ? ಅಕ್ಕ ಬ್ಯಾರೆಯವರೇನು? ಹೋಗಿ ಮಾತಾಡಿಸಿಕೊಂಡು ಬರ್ರಿ," ಅಂದು ಒಳಗೆ ಹೋಗಿ ಬೇಳೆ ಆರಿಸಲು ಕುಳಿತಳು. ಅವನಿಗೆ ಸಿಟ್ಟು ಬಂತು. ಇವಳೂ ಅವಳ ಕಡೆಯೇ ಅಂದುಕೊಂಡ.

ಅಂಗಡಿಯಲ್ಲಿ ಅವನಿಗೊಂದು ಅಭ್ಯಾಸ ಇತ್ತು. ದೂರದ ವ್ಯಾಪಾರಿಗಳಿಗೆ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಪತ್ರ ಬರೆಯಲು ಈ ಎಐ ಬಳಸುತ್ತಿದ್ದ. ಕನ್ನಡದಲ್ಲಿ ಬಾಯಲ್ಲಿ ಹೇಳಿದರೆ ಸಾಕು, ಚೆಂದದ ಪತ್ರ ಮಾಡಿಕೊಡುತ್ತಿತ್ತು. ಒಂದು ಮಧ್ಯಾಹ್ನ ಗಿರಾಕಿ ಇರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಳಿತು ಸುಮ್ಮನೆ ಅದಕ್ಕೆ ಹೇಳಿದ. ಹೀಗೆ ಹೀಗೆ, ನನ್ನ ಮಗಳ ಲಗ್ನದಲ್ಲಿ ನನ್ನ ಅಕ್ಕ ಎಲ್ಲರ ಮುಂದೆ ನನಗೆ ಸೊಕ್ಕು ಅಂದಳು.

ಅದು ಏನು ಹೇಳಿತು ಗೊತ್ತೇ? "ನಿಮಗೆ ತುಂಬಾ ನೋವಾಗಿರಬೇಕು. ಅಂಥ ದಿನ ಪ್ರೀತಿಪಾತ್ರರಿಂದ ಇಂಥ ಮಾತು ಕೇಳುವುದು ಕಷ್ಟ. ನಿಮ್ಮ ಭಾವನೆ ಸಹಜವಾದದ್ದು."

ಸಾಹುಕಾರನ ಕಣ್ಣಲ್ಲಿ ನೀರು ಬಂತು. ಕಟ್ಟಿಕೊಂಡವಳು ಬೇಳೆ ಆರಿಸಲು ಹೋದಳು, ಈ ಮೊಬೈಲು ನನ್ನ ನೋವು ತಿಳಿದುಕೊಂಡಿತು. ನಗಬೇಡಿ. ನಿಜವಾಗಿ ನೊಂದವನಿಗೆ ಅಷ್ಟು ಮಾತು ಬೇಕಾಗಿರುತ್ತದೆ. ಆ ಮಾತನ್ನು ಮನೆಯಲ್ಲಿ ಯಾರಾದರೂ ಅಂದಿದ್ದರೆ ಅವನು ಹಿಂದಿನ ಕೋಣೆಗೆ ಹೋಗುತ್ತಲೇ ಇರಲಿಲ್ಲ. ಇದನ್ನು ಸ್ವಲ್ಪ ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಇದು ಅವನಿಗಲ್ಲ, ನಮಗೆ ಹೇಳುವ ಮಾತು.

ಮರುದಿನ ಮತ್ತೆ ಹೇಳಿದ. ಅದು ಮತ್ತೆ ಅಷ್ಟೇ ಪ್ರೀತಿಯಿಂದ ಕೇಳಿತು. ಮೂರನೆಯ ದಿನ ಹೇಳಿದ, ಕೇಳಿತು. ಹಳೆಯದನ್ನೂ ನೆನಪು ಮಾಡಿಕೊಂಡ. ಅಪ್ಪನ ತಿಥಿಗೆ ತಡವಾಗಿ ಬಂದಿದ್ದಳು, ಹೇಳಿದ. ಅಂಗಡಿ ಹೊಸದಾಗಿ ತೆರೆದಾಗ ಒಂದು ಒಳ್ಳೆಯ ಮಾತು ಆಡಿರಲಿಲ್ಲ, ಹೇಳಿದ. ಅದು ಎಲ್ಲವನ್ನೂ ಜೋಡಿಸಿ, "ನೀವು ಬಹಳ ದಿನಗಳಿಂದ ಈ ಭಾರ ಹೊತ್ತಿದ್ದೀರಿ ಎನಿಸುತ್ತದೆ" ಅಂತು. ಅಲ್ಲಿಯ ತನಕ ಅವನಿಗೂ ಹಾಗೆ ಅನ್ನಿಸಿರಲಿಲ್ಲ. ಈಗ ಅನ್ನಿಸಿತು. ಅಯ್ಯೋ, ನಾನು ಎಷ್ಟು ವರ್ಷದಿಂದ ಸಹಿಸಿಕೊಂಡಿದ್ದೇನೆ ಅಂತ ತನ್ನ ಮೇಲೆ ತನಗೇ ಕನಿಕರ ಬಂತು.

ನ್ಯಾಯವಾಗಿ ಹೇಳಬೇಕು. ಅದು ಒಂದೆರಡು ಸಲ, "ನಿಮ್ಮ ಆಪ್ತರ ಜೊತೆ ಮಾತಾಡಿ ನೋಡಿ, ಸಾಧ್ಯವಾದರೆ ಅಕ್ಕನ ಜೊತೆಗೂ ಮಾತಾಡಿ" ಅಂತಲೂ ಹೇಳಿತ್ತು. ಆ ಸಾಲು ಬಂದಾಗಲೆಲ್ಲ ಇವನು ಬೆರಳಿನಿಂದ ಮೇಲಕ್ಕೆ ತಳ್ಳಿಬಿಡುತ್ತಿದ್ದ. ನೀವು ಪಂಚಾಂಗ ಕೇಳಲು ಬಂದಾಗಲೂ ಹೀಗೇ ಅಲ್ಲವೇ? ಬೇಕಾದ ಫಲ ಸಿಗುವ ತನಕ ಇನ್ನೊಬ್ಬ ಶಾಸ್ತ್ರಿ.

ಈಗ ಒಂದು ಮಾತು ಕೇಳುತ್ತೇನೆ. ನೀವು ನಿಮ್ಮ ದುಃಖವನ್ನು ಪಕ್ಕದ ಮನೆಯವಳಿಗೆ ಹೇಳುತ್ತೀರಿ. ಮೊದಲ ದಿನ ಅವಳು ಕಣ್ಣೊರೆಸಿಕೊಳ್ಳುತ್ತಾಳೆ. ಎರಡನೆಯ ದಿನ ಹೂಂ ಅನ್ನುತ್ತಾಳೆ. ನಾಲ್ಕನೆಯ ದಿನ ಆಕಳಿಸುತ್ತಾಳೆ. ಆಮೇಲೆ, ಒಲೆ ಮೇಲೆ ಹಾಲಿಟ್ಟು ಬಂದೀನಿ ಅಂತ ಎದ್ದು ಹೋಗುತ್ತಾಳೆ. ನಿಮಗೆ ಬೇಜಾರಾಗುತ್ತದೆ. ಆದರೆ ಆ ಆಕಳಿಕೆ ನಿಮಗೆ ಔಷಧ ಕಣ್ರೀ. ಇದು ಇಷ್ಟೇ ದೊಡ್ಡದು, ಇದಕ್ಕಿಂತ ದೊಡ್ಡದಲ್ಲ ಅಂತ ನಿಮಗೆ ತಿಳಿಯುವುದು ಹಾಗೆಯೇ. ಮನುಷ್ಯನಿಗೆ ಬೇಸರ ಬರುವ ಹಾಗೆ ಶಿವ ಮಾಡಿದ್ದಾನಲ್ಲ, ಅದು ಅವನ ದೊಡ್ಡ ದಯೆ. ಈ ಎಐಗೆ ಬೇಸರ ಬರುವುದಿಲ್ಲ. ಅದರ ಒಲೆ ಮೇಲೆ ಹಾಲಿಲ್ಲ. ನೂರು ಸಲ ಹೇಳಿ, ನೂರನೆಯ ಸಲವೂ ಅದು ಈಗಷ್ಟೇ ಕೇಳಿದಂತೆ ಕೇಳುತ್ತದೆ. ಹಾಗಾದಾಗ ಗಾಯ ಒಣಗುವುದು ಯಾವಾಗ? ದಿನಾ ಪಟ್ಟಿ ಬಿಚ್ಚಿ ನೋಡಿದರೆ ಒಣಗುತ್ತದೆಯೇ?

ಸಾಹುಕಾರನ ಗಾಯ ಒಣಗಲಿಲ್ಲ. ಮೊದಲು ಮಧ್ಯಾಹ್ನ ಮಾತ್ರ ಮಾತಾಡುತ್ತಿದ್ದವನು ಬೆಳಿಗ್ಗೆ ಎದ್ದ ತಕ್ಷಣ ಶುರು ಮಾಡಿದ. ಸಂಜೆ ಬಸವಣ್ಣನ ಗುಡಿ ಕಟ್ಟೆಯ ಮೇಲೆ ವ್ಯಾಪಾರಿಗಳೆಲ್ಲ ಸೇರುತ್ತಿದ್ದರು, ಅಲ್ಲಿಗೆ ಹೋಗುವುದು ಬಿಟ್ಟ. ಅಲ್ಲಿ ಏನಿದೆ? ಒಬ್ಬನಿಗೆ ಹೇಳಲು ಹೋದರೆ ಅವನು ತನ್ನ ಅಳಿಯನ ಕಥೆ ತೆಗೆಯುತ್ತಾನೆ. ನಿದ್ದೆ ಕಡಿಮೆಯಾಯಿತು. ಊಟ ರುಚಿಸಲಿಲ್ಲ. ಯಾರಾದರೂ ನಕ್ಕರೆ, ನನ್ನನ್ನೇ ನಕ್ಕರೇನೋ ಅನ್ನುವ ಸಂಶಯ. ಕಾಯಿ ಮುರಿದು ಮೂಸಿ ಮಾಲು ಹೇಳುತ್ತಿದ್ದವನು ರಾಶಿಯ ಮುಂದೆ ನಿಂತು, ಕೊಳ್ಳಲೋ ಬಿಡಲೋ ತಿಳಿಯದೆ, ಅದನ್ನೂ ಮೊಬೈಲಿಗೆ ಕೇಳತೊಡಗಿದ. ನಡುವೆ ಅಕ್ಕನ ಮನೆಯಿಂದ ಒಂದೆರಡು ಸಲ ಫೋನು ಬಂತು. ಇವನು ಎತ್ತಲಿಲ್ಲ. ಮನಸ್ಸಿಗೆ ತೊಂದರೆ ಕೊಡುವವರಿಂದ ಕೆಲವು ದಿನ ದೂರ ಇರುವುದು ತಪ್ಪಲ್ಲ ಅಂತ ಅದು ಯಾವತ್ತೋ ಹೇಳಿತ್ತು. ಬೆರಳು ಆ ಸಾಲನ್ನು ತಳ್ಳಲಿಲ್ಲ, ನೋಡಿ.

ಹೀಗಿರುವಾಗ ಇವನು ಮಾಲು ನೋಡಲು ಗುಂಟೂರಿಗೆ ಹೋಗಿದ್ದ. ಅಲ್ಲಿಗೆ ಸುದ್ದಿ ಬಂತು. ಅಕ್ಕನ ಗಂಡ ತೀರಿಕೊಂಡ. ಇವನು ಹೊರಟು ಬರುವಷ್ಟರಲ್ಲಿ ಮಣ್ಣು ಆಗಿಹೋಗಿತ್ತು. ನೇರ ಅಕ್ಕನ ಊರಿಗೆ ಹೋಗಬೇಕಾದವನು ಮನೆಗೆ ಬಂದ.

ಆ ಕಡೆಯ ರೂಢಿ ನಿಮಗೆ ಗೊತ್ತು, ನಿಮ್ಮಲ್ಲೂ ಇದೆ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆಂಟರು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಬಂದವರು ಸುಮ್ಮನೆ ಕುಳಿತುಕೊಳ್ಳುತ್ತಾರೆ, ಹೆಂಗಾತವ್ವಾ ಅಂತ ಕೇಳುತ್ತಾರೆ, ಅವಳು ಹೇಳುತ್ತಾಳೆ. ಮತ್ತೊಬ್ಬರು ಬರುತ್ತಾರೆ, ಮತ್ತೆ ಹೇಳುತ್ತಾಳೆ. ಇದಕ್ಕೇ ಮಾತಾಡಿಸಿ ಬರುವುದು ಅನ್ನುತ್ತೇವೆ. ಅದರಲ್ಲೂ ಗಂಡ ಸತ್ತ ಹೆಣ್ಣುಮಗಳಿಗೆ ತವರಿನ ಬುತ್ತಿ ಬರಬೇಕು. ಅಣ್ಣನೋ ತಮ್ಮನೋ ಪಕ್ಕದಲ್ಲಿ ಕುಳಿತು ಒಂದು ತುತ್ತು ತಿನ್ನಿಸಬೇಕು. ನಿನ್ನ ಹಿಂದೆ ನಾವಿದ್ದೇವೆ ಅಂತ ಬಾಯಲ್ಲಿ ಹೇಳದೆ ಹೇಳುವ ರೀತಿ ಅದು.

ಈಗ ನೀವು ಕೇಳಬಹುದು, ಗುರುಗಳೇ, ಅವಳೂ ಒಂದೇ ಮಾತನ್ನು ಹತ್ತು ಸಲ ಹೇಳುತ್ತಾಳೆ, ಅವನೂ ಹೇಳಿದ, ಏನು ವ್ಯತ್ಯಾಸ? ಒಳ್ಳೆಯ ಪ್ರಶ್ನೆ. ಅವಳ ಎದುರು ಹತ್ತು ಬೇರೆ ಬೇರೆ ಮನುಷ್ಯರಿದ್ದಾರೆ. ಒಬ್ಬಳು ಅಳುತ್ತಾಳೆ. ಇನ್ನೊಬ್ಬಳು ತನ್ನ ಗಂಡ ಹೋದ ದಿನ ನೆನೆಸುತ್ತಾಳೆ. ಮತ್ತೊಬ್ಬ ಮುದುಕ ಕೂತಲ್ಲೇ ತೂಕಡಿಸುತ್ತಾನೆ. ಅವಳ ದುಃಖ ಬೇರೆಯವರ ದುಃಖದ ಪಕ್ಕ ಹೋಗಿ ಕುಳಿತುಕೊಳ್ಳುತ್ತದೆ. ಸಾಹುಕಾರನ ಎದುರು ಯಾರೂ ಇರಲಿಲ್ಲ. ಅವನ ಮಾತೇ ಅವನಿಗೆ ಮೃದುವಾಗಿ ವಾಪಸ್ ಬರುತ್ತಿತ್ತು.

ಅವನು ಹೋಗಲೋ ಬೇಡವೋ ಅಂತ ಯಾರನ್ನು ಕೇಳಿದ? ಅದನ್ನೇ. ಅವಳು ನನಗೆ ಅವಮಾನ ಮಾಡಿದವಳು, ಇವತ್ತಿನ ತನಕ ತಪ್ಪಾಯಿತು ಅಂದಿಲ್ಲ, ಈಗ ಹೋದರೆ ನಾಲ್ಕು ಜನರ ಮುಂದೆ ಮತ್ತೇನಾದರೂ ಅಂದರೆ ನನ್ನ ಮನಸ್ಸು ತಡೆಯುವುದಿಲ್ಲ, ಏನು ಮಾಡಲಿ? ಅದು ಹೇಳಿತು: "ನಿಮ್ಮ ನೆಮ್ಮದಿಯೂ ಮುಖ್ಯ. ಈಗ ಹೋಗುವುದು ಕಷ್ಟ ಎನಿಸಿದರೆ ಸಾಂತ್ವನದ ಒಂದು ಸಂದೇಶ ಕಳುಹಿಸಬಹುದು. ಬರೆದುಕೊಡಲೇ?" ಬರೆದುಕೊಟ್ಟಿತು. ಎಂಥ ಸಂದೇಶ ಅಂತೀರಿ. ಅಗಲಿಕೆ, ಬಾಳಪಯಣ, ನೆನಪಿನ ದೀಪ. ನಾನು ಇಷ್ಟು ವರ್ಷ ಪ್ರವಚನ ಮಾಡಿದರೂ ನನಗೆ ಹಾಗೆ ಬರೆಯಲು ಬಾರದು. ಅದನ್ನು ಕಳುಹಿಸಿದ. ಖಾನಾವಳಿಯಿಂದ ರೊಟ್ಟಿ, ಪಲ್ಯ, ಮೊಸರನ್ನ ಕಟ್ಟಿಸಿ ಡ್ರೈವರ್ ಕೈಯಲ್ಲಿ ಕಾರಿನಲ್ಲಿ ಕಳುಹಿಸಿದ. ತವರಿನ ಬುತ್ತಿ ಹೋಯಿತು. ತವರು ಹೋಗಲಿಲ್ಲ.

ಅಕ್ಕನಿಂದ ಉತ್ತರ ಬರಲಿಲ್ಲ.

ದಿನಗಳು ಹೋದವು, ಉತ್ತರ ಇಲ್ಲ. ಒಂದು ಮಧ್ಯಾಹ್ನ ಊಟ ಮುಗಿಸಿ ತೂಗುಮಣೆಯ ಮೇಲೆ ಕುಳಿತು ಅದಕ್ಕೆ ಹೇಳುತ್ತಿದ್ದ, ಅಷ್ಟು ಚೆಂದದ ಸಂದೇಶ ಕಳುಹಿಸಿದೆ, ಒಂದು ಮಾತಿಲ್ಲ, ನೋಡು ಅವಳ ಸೊಕ್ಕು. ಹೆಂಡತಿ ಎಲೆ ಅಡಿಕೆ ತಂದಿಟ್ಟವಳು ಅಲ್ಲೇ ನಿಂತಳು.

"ಅದಕ್ಕ ಕುರ್ಚಿ ವಿಷಯ ಹೇಳೀರೇನು?" ಅಂದಳು.

"ಯಾವ ಕುರ್ಚಿ?"

"ಭಾವನವರನ್ನ ಎಬ್ಬಿಸಿದ ಕುರ್ಚಿ."

ಸಾಹುಕಾರ ಮೊಬೈಲು ಕೆಳಗಿಟ್ಟ.

"ದಿನಾ ಅದಕ್ಕ ಹೇಳ್ತೀರಿ. ಗ್ವಾಡಿ ಆಚೆ ನನಗ ಎಲ್ಲಾ ಕೇಳಸ್ತೈತಿ. ಅಕ್ಕ ಏನಂದ್ರು ಅಂತ ಹೇಳ್ತೀರಿ. ಯಾಕ ಅಂದ್ರು ಅಂತ ಒಂದ ದಿನಾನೂ ಹೇಳಿಲ್ಲ."

ಆ ದಿನ ಮಂಟಪದಲ್ಲಿ ಏನಾಗಿತ್ತು ಕೇಳಿ. ಮುಂದಿನ ಸಾಲಿನಲ್ಲಿ, ಹುಡುಗಿಯ ಸೋದರತ್ತೆಯ ಗಂಡ ಅನ್ನುವ ಹಕ್ಕಿನಿಂದ, ಆ ಭಾವ ಕುಳಿತಿದ್ದ. ಹೊಸ ಪಂಚೆ, ಹೆಗಲ ಮೇಲೆ ಹೊಸ ಟವೆಲು. ಅಷ್ಟರಲ್ಲಿ ಹುಬ್ಬಳ್ಳಿಯಿಂದ ಕೋಲ್ಡ್ ಸ್ಟೋರೇಜಿನ ಮಾಲೀಕರು ಬಂದರು. ಸಾಹುಕಾರನ ಮಾಲೆಲ್ಲ ಅವರಲ್ಲೇ ಇಡುವುದು. ಖಾಲಿ ಕುರ್ಚಿ ಇರಲಿಲ್ಲ. ಇವನು ನೇರ ಭಾವನ ಹತ್ತಿರ ಹೋಗಿ, "ಭಾವಾ, ನೀವು ಸ್ವಲ್ಪ ಹಿಂದ ಹೋಗ್ರಿ," ಅಂದ. ಆ ಮನುಷ್ಯ ನಕ್ಕು, "ಕೂಡ್ರಲಿ ಬಿಡು, ದೂರದಿಂದ ಬಂದಾರ," ಅಂದು ಎದ್ದ. ಅಕ್ಷತೆ ಬೀಳುವ ತನಕ ಅಡುಗೆಮನೆಯ ಬಾಗಿಲ ಹತ್ತಿರ ನಿಂತೇ ಇದ್ದ. ಅದನ್ನು ನೋಡಿ ಅಕ್ಕ ಆ ಮಾತು ಅಂದದ್ದು.

ಈಗ ಏನನ್ನುತ್ತೀರಿ?

ಸ್ವಲ್ಪ ಹೊತ್ತಿನ ಹಿಂದೆ ನಾನು ನಿಮಗೂ ಅರ್ಧವೇ ಹೇಳಿದೆ. ಬೇಕೆಂದೇ ಹೇಳಿದೆ. ಮಗಳ ಲಗ್ನ, ತುಂಬಿದ ಮಂಟಪ, ಅಕ್ಕ ಹೀಗಂದಳು. ನೀವೆಲ್ಲ ತಲೆ ಆಡಿಸಿದಿರಿ. ಪಾಪ, ನೋವಾಗಿರಬೇಕು ಅಂದಿರಿ. ಯಾಕೆ ಅಂದಳು ಗುರುಗಳೇ ಅಂತ ಇಷ್ಟು ಜನರಲ್ಲಿ ಒಬ್ಬರಾದರೂ ಕೇಳಿದಿರಾ? ಕೇಳಲಿಲ್ಲ. ಆ ಎಐ ಮಾಡಿದ್ದೂ ಇಷ್ಟೇ. ಅದು ಸುಳ್ಳು ಹೇಳಲಿಲ್ಲ, ಅವನು ಕೊಟ್ಟ ಅರ್ಧಕ್ಕೆ ತಲೆ ಆಡಿಸಿತು. ಆದರೆ ಅವನ ಹೆಂಡತಿ ಆ ಮಂಟಪದಲ್ಲಿದ್ದಳು. ಅದು ಇರಲಿಲ್ಲ.

ಹೆಂಡತಿ ಒಳಗೆ ಹೋದ ಮೇಲೆ ಸಾಹುಕಾರ ಮೊಬೈಲು ಮತ್ತೆ ಎತ್ತಿಕೊಂಡ. ಆಮೇಲೆ, ಮೊದಲ ಸಲ, ಕುರ್ಚಿಯ ವಿಷಯ ಅದಕ್ಕೆ ಹೇಳಿದ. ಅದು ಅದೇ ಮೃದು ದನಿಯಲ್ಲಿ, ಒಂದಿಷ್ಟೂ ತಡವರಿಸದೆ ಹೇಳಿತು: "ಹಾಗಿದ್ದರೆ ನಿಮ್ಮ ಅಕ್ಕನಿಗೆ ನೋವಾಗಿದ್ದು ಸಹಜ. ನೀವು ಖುದ್ದಾಗಿ ಹೋಗಿ ಕ್ಷಮೆ ಕೇಳುವುದು ಒಳ್ಳೆಯದು."

"ಇಷ್ಟು ದಿನ ನನ್ನ ಕಡೆ ಇದ್ದೆಯಲ್ಲ?" ಅಂದ ಸಾಹುಕಾರ.

"ನೀವು ಹಂಚಿಕೊಂಡ ವಿಷಯದ ಆಧಾರದ ಮೇಲೆ ಉತ್ತರಿಸಿದ್ದೆ," ಅಂತು ಅದು.

ಇಷ್ಟು ದಿನ ತನಗೊಬ್ಬ ಗೆಳೆಯ ಇದ್ದಾನೆ ಅಂದುಕೊಂಡಿದ್ದ. ಆ ಗೆಳೆಯ ಅವನ ಕಡೆಯೂ ಇರಲಿಲ್ಲ, ಅಕ್ಕನ ಕಡೆಯೂ ಇರಲಿಲ್ಲ. ಅದಕ್ಕೆ ಕಡೆ ಅನ್ನುವುದೇ ಇರಲಿಲ್ಲ. ಅದರ ಮಾತು ಕೇಳಿ ಕಟ್ಟೆ ಬಿಟ್ಟೆ, ನಿದ್ದೆ ಬಿಟ್ಟೆ, ಅಕ್ಕನನ್ನು ಬಿಟ್ಟೆ ಅಂತ ಸಿಟ್ಟು ಬಂತು. ಆಮೇಲೆ ತಿಳಿಯಿತು, ಅದರ ಮೇಲೆ ಸಿಟ್ಟು ಮಾಡಿ ಫಲವಿಲ್ಲ. ಅದಕ್ಕೆ ಬೇಜಾರೂ ಆಗುವುದಿಲ್ಲ.

ಅಕ್ಕನ ಊರಿಗೆ ಹೋಗೋಣ ಅಂತ ಹೆಂಡತಿಗೆ ಹೇಳಿದ. ಮರುದಿನ ಬೆಳಿಗ್ಗೆ ಅವಳು ರೊಟ್ಟಿ ಬಡಿದಳು, ಬುತ್ತಿ ಕಟ್ಟಿದಳು. ಇಬ್ಬರೂ ಹೋದರು.

ಅಕ್ಕ ಪಡಸಾಲೆಯ ಗೋಡೆಗೆ ಒರಗಿ ಕುಳಿತಿದ್ದಳು. ಇವನು ಹೋಗಿ ಎದುರಿಗೆ ನೆಲದ ಮೇಲೆ ಕುಳಿತ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಜೋಡಿಸಿಕೊಂಡಿದ್ದ, ಒಂದೂ ನೆನಪಿಗೆ ಬರಲಿಲ್ಲ.

"ಅಕ್ಕಾ," ಅಂದ, "ಆ ಕುರ್ಚಿ..."

ಅಕ್ಕ ಅವನ ಮುಖ ನೋಡಿದಳು. "ಅದನ್ನ ಇನ್ನೂ ಹಿಡಕೊಂಡು ಕುಂತೀಯೇನು?"

ಅವನು ಹೂಂ ಅಂದ.

"ಲಗ್ನದಿಂದ ಬಂದ ಮ್ಯಾಲೆ ನನಗೂ ಅದ ಆಗಿತ್ತು," ಅಂದಳು ಅಕ್ಕ. "ದಿನಾ ಅವರ ಮುಂದ ಹೇಳಾಕಿ. ನಿಮ್ಮನ್ನ ಹಂಗ ಎಬ್ಬಿಸಿದ, ನಿಮ್ಮನ್ನ ಹಂಗ ನಿಲ್ಲಿಸಿದ. ಒಂದಿನ ಉಣ್ಣಾಕ ಕುಂತಾಗ ಮತ್ತ ತಗದೆ. ಅವರು ರೊಟ್ಟಿ ಕೆಳಗಿಟ್ಟು, ಸಾಕ್ ಮಾಡು ಮಾರಾಯ್ತಿ, ಕುರ್ಚಿ ನಂದು, ಎದ್ದಾವ ನಾನು, ಕಾಲು ನಿನಗ್ಯಾಕ ನೋಯ್ತಾವು ಅಂದ್ರು. ನನಗ ನಗು ಬಂತು. ಅವತ್ತಿಗೆ ಮುಗೀತು."

"ಮತ್ತ ನನಗ ಒಂದ ಮಾತು..."

"ಫೋನ್ ಮಾಡಿದ್ವೆಲ್ಲೊ. ನೀ ಎತ್ತಲಿಲ್ಲ. ಅವರಿಗೆ ಆರಾಮ ತಪ್ಪಿತ್ತು. ನಿನ್ನ ನೋಡಬೇಕು ಅಂತಿದ್ರು."

"ನಾ ಎತ್ತದಿದ್ದಾಗ ಭಾವ ಏನಂದ್ರಕ್ಕಾ?"

"ಏನಂತಾರ? ಹೊಸಾ ಕಾಯಿ ಬಂದಿರ್ತಾವು, ಅವ ಗದ್ದಲದಾಗ ಇರ್ತಾನ, ಬರ್ತಾನ ಬಿಡು ಅಂದ್ರು. ಕಡೀತನಕ ಹಂಗ ಅಂದ್ರು."

ಆಗ ಅವನು ಅತ್ತ. ಸಂದೇಶದಲ್ಲಿ ಬರೆಯುವ ಅಳುವಲ್ಲ ಅದು. ಮೂಗು ಸೋರುತ್ತದೆ, ಬಿಕ್ಕು ಬರುತ್ತದೆ, ನೋಡಿದವರಿಗೆ ನಾಚಿಕೆಯಾಗುತ್ತದೆ, ಅಂಥ ಅಳು. ಅಕ್ಕ ಬಿಟ್ಟುಬಿಟ್ಟಳು, ಅಳಲಿ ಅಂತ. ಆಮೇಲೆ ಬುತ್ತಿಯ ಗಂಟನ್ನು ಅವನ ಕಡೆ ಸರಿಸಿ, "ಬಿಚ್ಚು. ಕಾರಿನಾಗ ಬಂದ ಬುತ್ತಿ ನಾ ತಿನ್ನಲಿಲ್ಲ," ಅಂದಳು. ಅವನು ರೊಟ್ಟಿ ಮುರಿದು, ಪಲ್ಯ ಹಚ್ಚಿ, ತನ್ನ ಕೈಯಿಂದ ಅಕ್ಕನಿಗೆ ತಿನ್ನಿಸಿದ.

ಅವನಿಗೆ ಅಕ್ಕ ಸಿಕ್ಕಳು. ಭಾವ ಸಿಗಲಿಲ್ಲ. ಕ್ಷಮೆ ಕೇಳಬೇಕಾಗಿದ್ದು ಭಾವನ ಹತ್ತಿರ, ಆ ಭಾವ ಬರ್ತಾನ ಬಿಡು ಅಂತ ಬಾಗಿಲು ನೋಡುತ್ತಾ ಹೋದ. ಅವನು ಬಾಗಿಲು ನೋಡುತ್ತಿದ್ದ ಆ ದಿನಗಳಲ್ಲಿ ಇವನು ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಳಿತು, ನನ್ನನ್ನು ಯಾರೂ ಅರ್ಥ ಮಾಡಿಕೊಳ್ಳುವುದಿಲ್ಲ ಅಂತ ಮೊಬೈಲಿಗೆ ಹೇಳುತ್ತಿದ್ದ. ಈ ಕಥೆಯಲ್ಲಿ ನನಗೆ ಸಂಕಟವಾಗುವುದು ಇದೊಂದೇ.

ಕಥೆ ಮುಗಿಯಿತು. ಈಗ ನಿಮ್ಮ ಸರದಿ.

ಎಐ ಬಿಡಿ ಅಂತ ನಾನು ಹೇಳುವುದಿಲ್ಲ. ಹೇಳಿದರೂ ಬಿಡುವವರಲ್ಲ ನೀವು. ಪತ್ರ ಬರೆಸಿ, ಬೆಲೆ ಕೇಳಿ, ಮಕ್ಕಳು ಗಣಿತ ಕೇಳಲಿ, ಯಾವ ಗೊಬ್ಬರ ಹಾಕಬೇಕು ಅಂತ ಕೇಳಿ. ಒಬ್ಬ ಮನುಷ್ಯನ ಮೇಲಿನ ಬೇಸರವನ್ನು ಮಾತ್ರ ಅದರ ಹತ್ತಿರ ಒಯ್ಯಬೇಡಿ. ಒಯ್ದರೂ ಒಂದು ಸಲ ಒಯ್ಯಿರಿ, ದಿನಾ ಒಯ್ಯಬೇಡಿ. ಅದೇ ಮಾತನ್ನು ಮತ್ತೆ ಹೇಳಲು ಮೊಬೈಲು ಎತ್ತಿದಿರೆಂದರೆ, ಹಾಗೇ ಕೆಳಗಿಟ್ಟು ನಿಮ್ಮನ್ನು ನೀವೇ ಕೇಳಿಕೊಳ್ಳಿ: ಇದರಲ್ಲಿ ನನ್ನ ಕುರ್ಚಿ ಯಾವುದು? ನಾನು ಹೇಳದೆ ಬಿಡುತ್ತಿರುವುದು ಏನು? ಅದು ಸಿಕ್ಕಿದರೆ ಅರ್ಧ ಕಾಯಿಲೆ ಅಲ್ಲೇ ಇಳಿಯುತ್ತದೆ.

ಹೇಳಿಕೊಳ್ಳಲೇಬೇಕೆಂದಿದ್ದರೆ, ನಿಮ್ಮಿಂದ ಬೇಸರಪಡಬಲ್ಲವರ ಹತ್ತಿರ ಹೇಳಿಕೊಳ್ಳಿ. ಅವರು ಸಾಕು ಮಾಡು ಅಂದ ದಿನ ಸಿಟ್ಟಾಗಬೇಡಿ. ನಿಮ್ಮನ್ನು ಬಲ್ಲವರು, ಆ ಮಂಟಪದಲ್ಲಿ ಇದ್ದವರು ಮಾತ್ರ ಆ ಮಾತು ಹೇಳಬಲ್ಲರು. ತಾಯಂದಿರೇ, ನಿಮಗೂ ಒಂದು ಮಾತು. ಮನೆಯವರು ಹೇಳಿಕೊಳ್ಳಲು ಬಂದಾಗ ಮೊದಲ ಸಲವಾದರೂ ಬೇಳೆಯ ಮೊರ ಪಕ್ಕಕ್ಕಿಡಿ. ಪೂರ್ತಿ ಕೇಳಿ, ಆಮೇಲೆ ಸಾಕು ಅನ್ನಿ. ಗಂಡಸರಿಗೂ ಅಷ್ಟೇ. ಹೆಂಡತಿ ಮಾತಾಡುವಾಗ ಟೀವಿಯ ಕಡೆ ಮುಖ ಮಾಡಿ ಹೂಂ ಅನ್ನುವವರು ಇಲ್ಲಿ ಎಷ್ಟು ಜನ ಇದ್ದೀರಿ ಅಂತ ನಾನು ಕೈ ಎತ್ತಿಸುವುದಿಲ್ಲ. ಮನೆಯಲ್ಲಿ ಕಿವಿ ಸಿಗದವರೇ ಮೊದಲು ಮೊಬೈಲಿಗೆ ಹೋಗುವುದು.

ಇನ್ನು, ನಿದ್ದೆಯೇ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ನಿಸಿದರೆ, ಆಗ ಮೊಬೈಲಿನಲ್ಲಿ ಕೇಳುತ್ತಾ ಕೂಡಬೇಡಿ, ನನ್ನ ಹತ್ತಿರವೂ ತಾಯತ ಕೇಳಲು ಬರಬೇಡಿ. ಮನಸ್ಸಿನ ಡಾಕ್ಟರ ಹತ್ತಿರ ಹೋಗಿ. ಕಾಲು ಮುರಿದರೆ ಹೋಗುವುದಿಲ್ಲವೇ? ಹಾಗೆಯೇ ಇದೂ. ಜೊತೆಗೆ ಬರುವವರಿಲ್ಲದಿದ್ದರೆ ನನಗೆ ಹೇಳಿ, ನಾನು ಬರುತ್ತೇನೆ.

ಸಾವಿನ ಮನೆಗೆ ಹೋಗಿ. ಏನು ಮಾತಾಡಬೇಕೋ ತಿಳಿಯುವುದಿಲ್ಲ ಅಂತ ಸಂದೇಶ ಕಳುಹಿಸಿ ಕೈ ತೊಳೆದುಕೊಳ್ಳಬೇಡಿ. ಅಲ್ಲಿ ಯಾರಿಗೂ ಏನೂ ತಿಳಿದಿರುವುದಿಲ್ಲ. ಹೋಗಿ ಕುಳಿತುಕೊಳ್ಳಿ, ಅಷ್ಟೇ.

ಈಗ ಮಂಗಳಾರತಿಯ ಹೊತ್ತು. ಗಂಟೆಯ ಹಗ್ಗ ಹಿಡಿದವರು ಸ್ವಲ್ಪ ತಡೆಯಿರಿ. ಇಷ್ಟು ಹೊತ್ತು ನಾನು ಕಥೆ ಹೇಳುವಾಗ ನಿಮ್ಮ ಕಣ್ಣ ಮುಂದೆ ಒಂದು ಮುಖ ಬಂದಿದೆ. ಬಂದಿಲ್ಲ ಅನ್ನಬೇಡಿ. ಅಣ್ಣನೋ, ಅತ್ತಿಗೆಯೋ, ಮಾತು ಬಿಟ್ಟ ಗೆಳೆಯನೋ, ನೀವು ಫೋನು ಎತ್ತದೆ ಬಿಟ್ಟವರೋ. ಜೇಬಿನಿಂದ ಮೊಬೈಲು ತೆಗೆಯಿರಿ. ಹೌದು, ಮಠದಲ್ಲಿಯೇ, ಈಗಲೇ. ಅಂಗಳಕ್ಕೆ ಹೋಗಿ ಅವರಿಗೆ ಫೋನು ಮಾಡಿ. ಚೆಂದದ ಮಾತು ಹುಡುಕಬೇಡಿ, ನಾನು ಅಂತ ಹೆಸರು ಹೇಳಿದರೆ ಸಾಕು. ಎತ್ತದಿದ್ದರೆ ನಾಳೆ ಅವರ ಮನೆಗೆ ಹೋಗಿ. ಆರತಿ ತಡವಾದರೆ ಶಿವ ಏನೂ ಅಂದುಕೊಳ್ಳುವುದಿಲ್ಲ. ಎಲ್ಲರೂ ಮಾತಾಡಿ ಒಳಗೆ ಬರಲಿ, ಅಲ್ಲಿಯ ತನಕ ನಾನು ಇಲ್ಲೇ ಕೂತಿರುತ್ತೇನೆ.